ಕೋಡಿ ಬಿದ್ದ ಸುದ್ದಿ

ಅತ್ತಿಗಾನಹಳ್ಳಿಯ ಗಂಗಣ್ಣನಿಗೆ ಎರಡೆಕರೆ ಹೊಲ, ಕೆರೆಯ ಕೆಳಗೆ ಅರ್ಧ ಎಕರೆ ಗದ್ದೆ, ಅಮ್ಮಯಮ್ಮನೆಂಬ ಹೆಂಡತಿ, ಮಂಜೇಶನೆಂಬ ಮಗ, ಇಷ್ಟರ ಜೊತೆಗೆ ಒಂದು ಪೀಪಿ ಇತ್ತು. ಸೂಲಿಬೆಲೆಯಲ್ಲಿ ಡ್ರಿಲ್ ಮಾಸ್ತರರಾಗಿದ್ದವರೊಬ್ಬರು ನಿವೃತ್ತರಾಗುವಾಗ ಕೊಟ್ಟು ಹೋದ ಹಿತ್ತಾಳೆಯ ಪೀಪಿ. ಅದನ್ನು ಕೆಂಪು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡು ಅವನು ಬೀದಿಯಲ್ಲಿ ನಡೆದು ಬರುತ್ತಿದ್ದರೆ ಸರ್ಕಲ್ ಇನ್ಸ್‌ಪೆಕ್ಟರೇ ಬಂದರೇನೋ ಎನ್ನುವಂಥ ಠೀವಿ. "ನಿನ್ ಗಂಡ ಮಲಗೋವಾಗ್ಲಾದ್ರೂ ಅದನ್ನ ತೆಗೀತಾನೇನೇ?" ಎಂದು ಪಕ್ಕದ ಮನೆಯ ರುಕ್ಮಿಣಮ್ಮ ಅಮ್ಮಯಮ್ಮನನ್ನು ಕಾಡುತ್ತಿದ್ದಳು. ನಿಜ ಹೇಳಬೇಕೆಂದರೆ ಅವನು ಆಗಲೂ ತೆಗೆಯುತ್ತಿರಲಿಲ್ಲ.

ಪ್ರಾಯದಲ್ಲಿ ಗಂಗಣ್ಣ ಒಳ್ಳೆಯ ಕಬಡ್ಡಿ ಆಟಗಾರ. ಇಪ್ಪತ್ತೆರಡನೇ ವಯಸ್ಸಿಗೆ ಮಂಡಿ ಮುರಿದುಕೊಂಡು ಆಟ ನಿಲ್ಲಿಸಿದ. ಆಟ ನಿಂತಿತೇ ಹೊರತು ಹುಚ್ಚು ಬಿಡಲಿಲ್ಲ. ಮಂಜೇಶ ಹುಟ್ಟಿದಾಗ ಸೂಲಗಿತ್ತಿ ಗಂಡುಮಗು ಎಂದದ್ದೇ ತಡ, ತೊಡೆ ಹೇಗಿದೆ ಎಂದು ಕೇಳಿದನಂತೆ. ಮಗ ಎಂಟು ವರ್ಷದವನಾದಾಗಿನಿಂದ ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಕೆರೆ ಏರಿಯ ಮೇಲೆ ಓಡಿಸತೊಡಗಿದ. ಮಗ ಮುಂದೆ, ಕುಂಟುತ್ತ ಅಪ್ಪ ಹಿಂದೆ. ಉಸಿರು ಹೇಗೆ ಕಟ್ಟಬೇಕು, ಕಾಲು ಹೇಗೆ ಚಾಚಬೇಕು, ಗೆರೆ ಮುಟ್ಟುವಾಗ ಯಾವ ಕೈ ಮುಂದಿರಬೇಕು. ಈ ಅಪ್ಪ ಮಗನಿಗೆ ಕಬಡ್ಡಿಯೊಂದನ್ನು ಬಿಟ್ಟರೆ ಆಡಿಕೊಳ್ಳಲು ಬೇರೆ ಮಾತಿರಲಿಲ್ಲ. ಅದೊಂದೇ ಅವರಿಗೆ ಬೇಕಾದಷ್ಟಾಗಿತ್ತು.

ಮಂಜೇಶನ ಜೋಡಿ ಅಂಜನ್. ಇವನು ನೀರುಗಂಟಿ ಪಾಪಯ್ಯನ ಮಗ. ಮಂಜೇಶ ಎದುರು ಪಾಳಯಕ್ಕೆ ನುಗ್ಗಿ ಮುಟ್ಟಿ ಬರುವವನಾದರೆ ಅಂಜನ್ ಎಡಮೂಲೆಯಲ್ಲಿ ನಿಂತು ಬಂದವರ ಹಿಮ್ಮಡಿ ಹಿಡಿಯುವವನು. ಎದುರಾಳಿ ಬಂದಾಗ ಇಬ್ಬರೂ ಕೈ ಕೈ ಬೆಸೆದು ಸರಪಳಿ ಕಟ್ಟಿದರೆಂದರೆ ಅದನ್ನು ಬಿಡಿಸಿಕೊಂಡು ಹೋದವರು ಹೋಬಳಿಯಲ್ಲೇ ಕಡಿಮೆ. ಊರಿನಲ್ಲಿ ಯಾರ ಮಗ ಯಾರ ಕೈ ಹಿಡಿಯಬೇಕು ಎಂಬ ಲೆಕ್ಕ ಬೇರೆಯಿತ್ತು. ಅಂಕಣದ ಗೆರೆಯೊಳಗೆ ಆ ಲೆಕ್ಕ ಇರಲಿಲ್ಲ. ಆ ಒಂದು ವಿಷಯದಲ್ಲಿ ಗಂಗಣ್ಣನನ್ನು ಮೆಚ್ಚಲೇಬೇಕು.

ಪಾಪಯ್ಯನ ಕೆಲಸ ತಾತನ ಕಾಲದಿಂದ ಬಂದದ್ದು. ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಎಂದು ಹಂಚುವುದು, ಏರಿಯಲ್ಲಿ ಬಿಲ ಬಿದ್ದರೆ ಮುಚ್ಚುವುದು, ಕೋಡಿ ನೋಡಿಕೊಳ್ಳುವುದು. ಕೆರೆ ತುಂಬಿ ಹೆಚ್ಚಾದ ನೀರು ಏರಿಯ ಪಡುವಣ ತುದಿಯಲ್ಲಿ ಕಲ್ಲು ಹಾಸಿದ ಇಳಿಜಾರಿನಿಂದ ಹರಿದು ಹೋಗುತ್ತದಲ್ಲ, ಅದೇ ಕೋಡಿ. ಕೋಡಿ ಬಿದ್ದ ದಿನ ಪಾಪಯ್ಯ ಕಂಬಳಿ ಹೊದ್ದು ಮನೆಮನೆ ಬಾಗಿಲಲ್ಲಿ ನಿಂತು "ಕೋಡಿ ಬಿತ್ತು ಕಣ್ರವ್ವಾ" ಎಂದು ಸಾರಬೇಕು. ಮನೆಯವರು ಮೊರದ ತುಂಬ ರಾಗಿ ತಂದು ಅವನ ಚೀಲಕ್ಕೆ ಸುರಿಯಬೇಕು. ಅವನು ಯಾವ ಮನೆಯನ್ನೂ ಬಿಡುವಂತಿಲ್ಲ, ಯಾವ ಮನೆಯವರೂ ಅವನನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ.

ತೊಂಬತ್ತೊಂದರ ಅಕ್ಟೋಬರ್ ಕೊನೆಗೆ ಸ್ವಾತಿ ಮಳೆ ಹಿಡಿದು ಬಿತ್ತು. ಆರು ವರ್ಷದ ಮೇಲೆ ಕೆರೆ ತುಂಬಿತು, ಕೋಡಿ ಬಿತ್ತು. ಪಾಪಯ್ಯ ಬಾಗಿಲು ಬಾಗಿಲಿಗೆ ಹೋಗಿ ಬಂದ. ಹೆಂಗಸರು ಅರಿಶಿನ ಕುಂಕುಮ ತೆಗೆದುಕೊಂಡು ಹೋಗಿ ಗಂಗಮ್ಮನಿಗೆ ಪೂಜೆ ಮಾಡಿ ಬಂದರು. ಊರಿಗೆ ಊರೇ ನಗುತ್ತಿತ್ತು, ಗಂಗಣ್ಣ ಒಬ್ಬ ಮುಖ ಗಂಟಿಕ್ಕಿಕೊಂಡು ಕೂತಿದ್ದ.

ಅದಕ್ಕೆ ಕಾರಣವಿತ್ತು. ನವೆಂಬರ್ ಒಂದರ ರಾಜ್ಯೋತ್ಸವಕ್ಕೆ ಅತ್ತಿಗಾನಹಳ್ಳಿಯಲ್ಲಿ ಮೊಟ್ಟಮೊದಲ ಬಾರಿಗೆ ಕಬಡ್ಡಿ ಪಂದ್ಯ. ಹದಿನಾರು ತಂಡ ಬರುವುದೆಂದು ಆಗಿತ್ತು. ಬೆಂಗಳೂರಿನ ಕ್ರೀಡಾ ಹಾಸ್ಟೆಲಿಗೆ ಹುಡುಗರನ್ನು ಆರಿಸುವವರೊಬ್ಬರನ್ನು ಗಂಗಣ್ಣ ಮೂರು ಸಲ ಅಲೆದು ಕಾಡಿಬೇಡಿ ಪಂದ್ಯ ನೋಡಲು ಬರುವಂತೆ ಒಪ್ಪಿಸಿದ್ದ. ಮಂಜೇಶನಿಗೆ ಹದಿನೈದು ತುಂಬಿತ್ತು. ಮುಂದಿನ ವರ್ಷಕ್ಕೆ ಅವನ ವಯಸ್ಸು ಮೀರುತ್ತಿತ್ತು. ಆಟದ ಬಯಲು ಇದ್ದದ್ದು ಕೋಡಿಯ ಕೆಳಗೆ, ಹಳ್ಳದ ದಡದಲ್ಲಿ. ಕೋಡಿಯ ನೀರು ಹಳ್ಳ ತುಂಬಿ ಬಯಲಿಗೆ ಹತ್ತಿ, ಸುಣ್ಣದ ಗೆರೆ ಎಳೆಯಬೇಕಾಗಿದ್ದ ಕಡೆ ಪಾದ ಮುಳುಗುವಷ್ಟು ನಿಂತಿತ್ತು.

ಇಪ್ಪತ್ತೊಂಬತ್ತನೇ ತಾರೀಖು ಬೆಳಿಗ್ಗೆ ಪಾಪಯ್ಯ ಗಂಗಣ್ಣನ ಬಾಗಿಲಿಗೆ ಬಂದ. ಅನುಗೊಂಡನಹಳ್ಳಿಗೆ ಕೊಟ್ಟಿದ್ದ ಮಗಳಿಗೆ ಹೆರಿಗೆ ಕಷ್ಟವಾಗಿದೆಯೆಂದು ಕರೆ ಬಂದಿತ್ತು.

"ಎರಡು ದಿನ ಇರಾಕಿಲ್ಲ ಗಂಗಣ್ಣೋರೇ. ನೀವು ದಿನಾ ಏರಿ ಮೇಲೆ ಓಡಾಡ್ತೀರಲ್ಲ, ಕೋಡಿ ಕಡೆ ಒಂದ್ ಕಣ್ಣಿಕ್ಕಿರಿ."

"ಹೋಗ್ಬಾರೋ ಪಾಪಯ್ಯ, ನಾನ್ ನೋಡ್ಕೋತೀನಿ" ಎಂದ ಗಂಗಣ್ಣ.

ನೋಡಿಕೊಂಡ. ಅದೇ ಮಧ್ಯಾಹ್ನ ಊರೆಲ್ಲ ಉಂಡು ಒರಗಿದ್ದ ಹೊತ್ತಿನಲ್ಲಿ ಹಿತ್ತಿಲ ಕೊಟ್ಟಿಗೆಯಿಂದ ಹದಿನಾಲ್ಕು ಖಾಲಿ ಗೊಬ್ಬರದ ಚೀಲ ತೆಗೆದುಕೊಂಡು ಕೋಡಿಗೆ ಹೋದ. ಹೊಸ ರಾಗಿ ತುಂಬಲೆಂದು ಅಮ್ಮಯಮ್ಮ ತೊಳೆದು, ಹರಿದ ಬಾಯಿಗಳಿಗೆ ಹಳೇ ಸೀರೆಯ ಕೆಂಪು ಅಂಚು ಕೊಟ್ಟು ಹೊಲಿದಿಟ್ಟಿದ್ದ ಚೀಲಗಳು ಅವು. ಒಬ್ಬನೇ ಮಣ್ಣು ತುಂಬಿದ, ಒಬ್ಬನೇ ಹೊತ್ತ, ಕೋಡಿಯ ಬಾಯಿಗೆ ಎರಡು ಸಾಲಾಗಿ ಅಡ್ಡ ಒಟ್ಟಿದ. ಮೂರೇ ದಿನದ ಮಾತು. ಪಂದ್ಯ ಮುಗಿದ ಸಂಜೆಯೇ ತೆಗೆದರಾಯಿತು. ಮೋಡವೂ ಆಗ ಹರಿದಿತ್ತು, ಬಿಸಿಲು ಬಂದಿತ್ತು. ಸಂಜೆಯ ಹೊತ್ತಿಗೆ ಬಯಲಿನ ನೀರು ಇಂಗಿದ್ದನ್ನು ನೋಡಿ ಅವನಿಗಾದ ಸಂತೋಷ ಅಷ್ಟಿಷ್ಟಲ್ಲ.

ಮರುದಿನ ಸಂಜೆ ಹಿಡಿದ ಮಳೆ ಬೆಳಗಿನವರೆಗೂ ಬಿಡಲಿಲ್ಲ. ಮೇಲಿನ ಎರಡು ಕೆರೆಗಳ ಕೋಡಿನೀರೆಲ್ಲ ಇಲ್ಲಿಗೇ ಬಂತು. ಬೆಳಿಗ್ಗೆ ಗಂಗಣ್ಣ ಓಡಿಹೋಗಿ ನೋಡುತ್ತಾನೆ, ಚೀಲಗಳು ಕಾಣದಂತೆ ನೀರು ನಿಂತಿದೆ. ಇಳಿದ. ಎದೆಮಟ್ಟ ನೀರಿನಲ್ಲಿ ಕಾಲಿನಿಂದ ತಡವಿ ಒಂದು ಚೀಲದ ಕಿವಿ ಹಿಡಿದು ಎಳೆದ. ನೆನೆದ ಮಣ್ಣು, ಜಗ್ಗಲಿಲ್ಲ. ಎರಡು ಚೀಲ ಉರುಳಿಸುವಷ್ಟರಲ್ಲಿ ತಲೆಯೆತ್ತಿ ನೋಡಿದರೆ ಏರಿಯ ನಡುವೆ, ಹಳೇ ತೂಬಿನ ಹತ್ತಿರ, ನೀರು ಏರಿ ದಾಟಿ ಜಿನುಗುತ್ತಿತ್ತು.

ಆಮೇಲೆ ನಡೆದದ್ದನ್ನು ಊರವರು ಇವತ್ತಿಗೂ ಹೇಳುತ್ತಾರೆ. ಕುಂಟ ಗಂಗಣ್ಣ ಏರಿಯ ಮೇಲೆ ಅಷ್ಟು ಜೋರಾಗಿ ಓಡಿದ್ದನ್ನು ಅವರು ಅದಕ್ಕೆ ಮೊದಲು ಕಂಡಿರಲಿಲ್ಲ. ಕೆಳಗಿನ ಬೀದಿಗೆ ನುಗ್ಗಿ ಪೀಪಿ ಊದಿದ. ಊದುತ್ತಲೇ ಬಾಗಿಲು ಬಾಗಿಲಿಗೆ ಒದ್ದ. ಮಕ್ಕಳನ್ನು ಎತ್ತಿಕೊಂಡು ಜನ ಗುಡಿಯ ದಿಣ್ಣೆಗೆ ಓಡಿದರು. ಏರಿ ಒಡೆದಾಗ ಹತ್ತು ಗಂಟೆ. ಹದಿನೆಂಟು ಮನೆ, ಇಪ್ಪತ್ತು ದನ, ಆಡುಕುರಿ ಲೆಕ್ಕವಿಲ್ಲ, ಗದ್ದೆಯ ಮೇಲೆ ಆಳೆತ್ತರ ಮರಳು. ಮನುಷ್ಯರಲ್ಲಿ ಹೋದದ್ದು ಒಂದೇ ಜೀವ. ಮುದುಕಿ ಲಕ್ಕಮ್ಮ ದಿಣ್ಣೆಯವರೆಗೂ ಬಂದಿದ್ದವಳು ಕರು ಬಿಚ್ಚಿ ಬರುತ್ತೇನೆಂದು ಹಿಂತಿರುಗಿದಳು.

ಹದಿನೈದು ದಿನ ಕಳೆದ ಮೇಲೆ ಅರಳಿಕಟ್ಟೆಯಲ್ಲಿ ಪಂಚಾಯಿತಿ ಸೇರಿತು. ಊರ ಯಜಮಾನ ಮುನಿವೆಂಕಟಪ್ಪ ಪಾಪಯ್ಯನನ್ನು ಎದುರಿಗೆ ನಿಲ್ಲಿಸಿಕೊಂಡ.

"ಕೋಡಿ ಕಾಯೋನು ನೀನು. ಎಲ್ಲೋ ಹೋಗಿದ್ದೆ?"

"ಮಗಳ ಹೆರಿಗೆಗೆ ಹೋಗಿದ್ದೆ ಸ್ವಾಮಿ. ಗಂಗಣ್ಣೋರಿಗೆ ಹೇಳಿ ಹೋಗಿದ್ದೆ."

ಎಲ್ಲರೂ ಗಂಗಣ್ಣನ ಕಡೆ ತಿರುಗಿದರು. ಮಂಜೇಶನೂ ಹುಡುಗರ ನಡುವೆ ನಿಂತು ಅಪ್ಪನನ್ನೇ ನೋಡುತ್ತಿದ್ದ. ಗಂಗಣ್ಣನ ಬಾಯಿ ತೆರೆದದ್ದು ನಿಜ. ಹೇಳಿದ್ದ ಎಂದುಬಿಟ್ಟರೆ ಮುಂದಿನ ಪ್ರಶ್ನೆ ಬರುತ್ತದೆ, ಆ ಪ್ರಶ್ನೆಗೆ ಹದಿನಾಲ್ಕು ಚೀಲದ ಉತ್ತರ ಕೊಡಬೇಕಾಗುತ್ತದೆ. ಅವನು ನೆಲ ನೋಡಿದ.

"ಊರು ಉಳಿಸಿದೋನ ಮೇಲೆ ಹಾಕ್ತೀಯೇನಲಾ? ಬಾಯಾದ್ರೂ ಹೆಂಗ್ ಬಂತು ನಿಂಗೆ?" ಎಂದು ಹಿಂದಿನಿಂದ ಯಾರೋ ಕೂಗಿದರು. ಪಾಪಯ್ಯ ಸೊಂಟದ ದಾರಕ್ಕೆ ಕಟ್ಟಿದ್ದ ತೂಬಿನ ಬೀಗದ ಕೈ ಬಿಚ್ಚಿ ಕಟ್ಟೆಯ ಮೇಲಿಟ್ಟು ಹೋದ. ಒಂದು ಮಾತು, ಒಂದೇ ಒಂದು ಮಾತು ಸಾಕಾಗಿತ್ತು. ಗಂಗಣ್ಣ ಅದನ್ನು ನುಂಗಿದ.

ಊರು ಏಳಲು ನಾಲ್ಕು ವರ್ಷ ಹಿಡಿಯಿತು. ಸರ್ಕಾರದಿಂದ ತಗಡು ಬಂತು, ಆಮೇಲೆ ದಿಣ್ಣೆಯ ಮೇಲೆ ಸಾಲುಮನೆ ಬಂತು. ಏರಿಗೆ ಮನೆಗೊಂದಾಳಿನಂತೆ ಮಣ್ಣು ಹೊತ್ತರು. ಎಲ್ಲದಕ್ಕೂ ಗಂಗಣ್ಣನೇ ಮುಂದು. ಬೇರೆಯವರು ಒಂದು ಬುಟ್ಟಿ ಹೊತ್ತರೆ ಅವನು ಎರಡು ಹೊತ್ತ. ಲಕ್ಕಮ್ಮನ ಮಗಳು ಮುತ್ತಮ್ಮನ ಮನೆಗೆ ಗೋಡೆ ಏಳಿಸಿದ್ದು ಅವನೇ. ಗದ್ದೆಯಿಂದ ಬಾಚಿದ ಮರಳನ್ನು ಗಾಡಿಯಲ್ಲಿ ತುಂಬಿ, ಹಳ್ಳದಿಂದ ದೂರ, ಶಾಲೆಯ ಹಿಂದಿನ ಜಾಗಕ್ಕೆ ಸುರಿದು ಹುಡುಗರಿಗೆ ಹೊಸ ಅಂಕಣ ಮಾಡಿದ. ಮೊದಲ ದಿನ ಹುಡುಗರು ಅಲ್ಲಿ ಕಬಡ್ಡಿ ಆಡಿದಾಗ ಮನೆ ಕಳೆದುಕೊಂಡ ಹೆಂಗಸರೂ ಬಂದು ಸುತ್ತ ನಿಂತು ಕೂಗಿದರು. ಎಷ್ಟೋ ತಿಂಗಳ ಮೇಲೆ ಊರಿನಲ್ಲಿ ಗಟ್ಟಿಯಾದ ನಗು ಕೇಳಿದ್ದು ಅವತ್ತು.

"ಗಂಗಣ್ಣ ಇಲ್ದಿದ್ರೆ ನಾವೆಲ್ಲಿರ್ತಿದ್ವಿ" ಎಂಬ ಮಾತು ಎಲ್ಲರ ಬಾಯಲ್ಲೂ ಬರುತ್ತಿತ್ತು. ಆ ಮಾತು ಬಂದ ಕಡೆ ಗಂಗಣ್ಣ ನಿಲ್ಲುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಕೊನೆಯ ಪಂಕ್ತಿಗೆ ಹೋಗಿ ಉಂಡು ಬರುತ್ತಿದ್ದ. ಪೀಪಿ ಗೋಡೆಯ ಮೊಳೆಗೆ ಹೋಯಿತು. ನಮ್ರತೆ ಎಂದರೆ ಇದು ಎಂದು ಜನ ಇನ್ನಷ್ಟು ಹೊಗಳಿದರು. ಈ ಜನಕ್ಕೆ ಏನು ಹೇಳುವುದು!

ಬೆಳಗಿನ ಓಟ ನಿಂತುಹೋಗಿತ್ತು. ಮಂಜೇಶನಿಗೆ ಹಾಸ್ಟೆಲು ತಪ್ಪಿತು, ವಯಸ್ಸು ಮೀರಿತು. ಅಂಜನ್ ತಂಡಕ್ಕೆ ಬರಲಿಲ್ಲ. ಸುಳ್ಳು ಹೇಳಿದವನ ಮಗ ಎಂದು ಯಾರೋ ಅಂದರಂತೆ, ಅವತ್ತೇ ಹೊಸಕೋಟೆಗೆ ಹೋಗಿ ಲಾರಿ ಕ್ಲೀನರ್ ಆದ. ಎಡಮೂಲೆಗೆ ಬೇರೆಯವರನ್ನು ನಿಲ್ಲಿಸಿದರು, ಮಂಜೇಶ ಅವರ ಕೈ ಹಿಡಿದು ಆಡಿದ. ಪಿಯುಸಿ ಮುಗಿಸಿ ಬಾಶೆಟ್ಟಿಹಳ್ಳಿಯ ಒಂದು ಗಿರಣಿಗೆ ಸೇರಿದ. ಗಿರಣಿಯ ಕಬಡ್ಡಿ ತಂಡಕ್ಕೂ ಸೇರಿದ. ತಿಂಗಳಿಗೊಮ್ಮೆ ಬರುತ್ತಿದ್ದ. ಅಪ್ಪ ಮಗ ಎದುರುಬದುರು ಕೂತು ಮುದ್ದೆ ಮುರಿಯುತ್ತಿದ್ದರು. "ಶಿಫ್ಟ್ ಹೆಂಗೈತೆ?" "ಹಂಗೇ ಐತೆ." ಅಷ್ಟಕ್ಕೆ ಮಾತು ಮುಗಿಯುತ್ತಿತ್ತು.

ಪಾಪಯ್ಯ ಕುರಿ ಮೇಯಿಸಿಕೊಂಡಿದ್ದ. ಏರಿಯ ಮೇಲೆ ಕಾಲಿಡುತ್ತಿರಲಿಲ್ಲ. ಕೆರೆಯ ಆಚೆ ದಡಕ್ಕೆ ಹೋಗಬೇಕಾದರೂ ಸುತ್ತು ಹಾಕಿ ಹೋಗುತ್ತಿದ್ದ.

ತೊಂಬತ್ತೈದರಲ್ಲಿ ಊರವರು ಮತ್ತೆ ರಾಜ್ಯೋತ್ಸವದ ಪಂದ್ಯ ಇಟ್ಟರು. ನಾಲ್ಕು ವರ್ಷದ ಹಿಂದೆ ನಿಂತುಹೋದದ್ದನ್ನು ನಡೆಸಿಯೇ ತೀರಬೇಕೆಂಬ ಹಟ. ಊರಿನ ತಂಡಕ್ಕೆ ಮಂಜೇಶನೇ ನಾಯಕ, ಗಿರಣಿಯಲ್ಲಿ ರಜೆ ಹಾಕಿ ಬಂದಿದ್ದ. ಫೈನಲ್‌ಗೆ ಮೊದಲು ಗಂಗಣ್ಣನಿಗೆ ಶಾಲು ಹೊದಿಸುವುದೆಂದು ತೀರ್ಮಾನವಾಯಿತು. ಪಾಂಪ್ಲೆಟ್ಟಿನಲ್ಲಿ ಹೆಸರಿನ ಮುಂದೆ 'ಊರಿನ ಜೀವರಕ್ಷಕ' ಎಂದು ಅಚ್ಚಾಗಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಗಂಗಣ್ಣ, ಪಂದ್ಯದ ಹಿಂದಿನ ದಿನ ಮಧ್ಯಾಹ್ನ, ಪಾಪಯ್ಯ ಕುರಿ ಬಿಟ್ಟುಕೊಂಡಿದ್ದ ಗೋಮಾಳಕ್ಕೆ ಹೋದ.

"ಪಾಪಯ್ಯ, ಕೋಡಿ ಕಟ್ಟಿದ್ದು ನಾನು."

ಪಾಪಯ್ಯ ಕುರಿಗಳ ಕಡೆಗೇ ನೋಡುತ್ತಿದ್ದ. "ಗೊತ್ತು."

ಗಂಗಣ್ಣ ಅಲ್ಲೇ ನೆಲದ ಮೇಲೆ ಕೂತ.

"ನೀರು ಇಳಿದ ಮ್ಯಾಲೆ ಎಲ್ಲ ಏರಿ ಒಡೆದ ಕಡೆ ಇದ್ರು, ನಾನು ಕೋಡಿಗೆ ಹೋಗಿದ್ದೆ. ಹನ್ನೆರಡು ಚೀಲ ಹಂಗೇ ಇದ್ವು. ಕೆಂಪು ಅಂಚಿನ ಹೊಲಿಗೆ. ವರ್ಷ ವರ್ಷ ಸುಗ್ಗೀಲಿ ನಿಮ್ಮನೆ ರಾಗಿ ಅದೇ ಚೀಲ್ದಾಗೆ ಕಣದಿಂದ ಹೊತ್ತು ತಂದಿದೀನಿ, ಅಮ್ಮಯಮ್ಮೋರ ಹೊಲಿಗೆ ನಂಗೆ ಗೊತ್ತಾಗಾಕಿಲ್ವಾ?"

"ಮತ್ತೆ ಪಂಚಾಯಿತೀಲಿ ಯಾಕೆ ಹೇಳ್ಲಿಲ್ಲ?"

ಪಾಪಯ್ಯ ಈಗ ತಿರುಗಿ ನೋಡಿದ. "ಹೇಳ್ದೆ. ನಿಮಗೆ ಹೇಳಿ ಹೋಗಿದ್ದೆ ಅಂದೆ. ಅಷ್ಟನ್ನೇ ನಂಬ್ಲಿಲ್ಲ, ಚೀಲ ತೋರ್ಸಿದ್ರೆ ನಾನೇ ನಿಮ್ಮನೇಲಿ ಕದ್ದು ಕಟ್ಟಿದೆ ಅನ್ನೋರು. ನೀವು ಹೇಳ್ತೀರಿ ಅಂತ ನೋಡ್ದೆ. ಒಂದ್ ದಿನ ನೋಡ್ದೆ, ಒಂದ್ ವರ್ಷ ನೋಡ್ದೆ. ಆಮ್ಯಾಲೆ ನೋಡೋದು ಬಿಟ್ಟೆ."

"ನಾಳೆ ಹೇಳ್ತೀನಿ. ಎಲ್ಲರ ಮುಂದೆ."

"ನಂಗ್ಯಾಕೆ ಹೇಳ್ತೀರಿ ಅದನ್ನ?" ಎಂದು ಪಾಪಯ್ಯ ಕೋಲು ತೆಗೆದುಕೊಂಡು ಕುರಿಗಳ ಹಿಂದೆ ನಡೆದ.

ಮರುದಿನ ಮುನಿವೆಂಕಟಪ್ಪ ಶಾಲು ಬಿಡಿಸಿ ಹಿಡಿದಾಗ ಗಂಗಣ್ಣ ಅದನ್ನು ಕೈಯಿಂದ ತಡೆದು ಮೈಕಿನ ಮುಂದೆ ನಿಂತ. ಸಭೆಯಲ್ಲಿ ಮಾತಾಡಿ ಗೊತ್ತಿದ್ದವನಲ್ಲ.

"ಈ ಶಾಲು ನಂಗಲ್ಲ. ಕೋಡಿಗೆ ಚೀಲ ಅಡ್ಡ ಹಾಕಿದ್ದು ನಾನು. ಬಯಲು ಒಣಗ್ಲಿ ಅಂತ. ನನ್ ಮಗ ಆಡೋದನ್ನ ಹಾಸ್ಟೆಲ್ನೋರು ನೋಡ್ಲಿ ಅಂತ. ಪಾಪಯ್ಯ ನಂಗೆ ಹೇಳಿ ಹೋಗಿದ್ದ. ಅವನ ಮಾತು ನಿಜ. ಲಕ್ಕಮ್ಮನ್ನ ತೆಗೆದಿದ್ದು ನಾನೇ."

 "ಮೈಕು ಆರ್ಸ್ರೋ" ಎಂದ ಮುನಿವೆಂಕಟಪ್ಪ. ಮುತ್ತಮ್ಮ ಎದ್ದು ಬಂದಳು. ಹೊಡೆಯುತ್ತಾಳೆಂದುಕೊಂಡು ಗಂಗಣ್ಣ ಮುಖ ಮುಂದೆ ಮಾಡಿದ. ಅವಳು ಹೊಡೆಯಲಿಲ್ಲ. "ನಮ್ಮವ್ವನ ತಿಥೀಲಿ ನಾಲ್ಕು ವರ್ಷ ಉಂಡ್ಯಲ್ಲಪ್ಪಾ" ಎಂದಳು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೊರಟುಹೋದಳು.

ಫೈನಲ್ ಆಡಲಿಲ್ಲ. ತಂಡಗಳು ಒಂದೊಂದಾಗಿ ಟೆಂಪೋ ಹತ್ತಿದವು. ಜೆರ್ಸಿ ತೊಟ್ಟುಕೊಂಡೇ ಮಂಜೇಶ ಅಪ್ಪನ ಹತ್ತಿರ ಬಂದ.

"ನನಗೋಸ್ಕರ ಅಂತ ಯಾಕಪ್ಪಾ ಹೇಳ್ದೆ? ನಾನ್ ಕೇಳಿದ್ನಾ? ಅಂಜನ್ ಕೈ ಬಿಟ್ಟು ನಾಲ್ಕು ವರ್ಷ ಆಡಿದೀನಿ. ಅವರಪ್ಪ ಸುಳ್ಳ ಅಂತ ನಾನೂ ನಂಬಿದ್ದೆ. ನಿನ್ ಮಾತು ಅಂತ ನಂಬಿದ್ದೆ."

"ನಾನೇನೂ ಹೇಳಿರ್ಲಿಲ್ಲ ಕಣೋ."

"ಅದೇ" ಎಂದ ಮಂಜೇಶ. ಸಂಜೆಯ ಬಸ್ಸಿಗೆ ಬಾಶೆಟ್ಟಿಹಳ್ಳಿಗೆ ಹೋದ. ಸಂಕ್ರಾಂತಿಗೆ ಬರಲಿಲ್ಲ, ಯುಗಾದಿಗೂ ಬರಲಿಲ್ಲ.

ಊರು ಗಂಗಣ್ಣನನ್ನು ದಂಡಿಸಲಿಲ್ಲ. ಬೈದಿದ್ದರೆ, ಬಹಿಷ್ಕಾರ ಹಾಕಿದ್ದರೆ ಎಷ್ಟೋ ಹಗುರವಾಗಿರುತ್ತಿತ್ತು. ಅವರು ಸುಮ್ಮನೆ ಅವನನ್ನು ಕರೆಯುವುದು ಬಿಟ್ಟರು. ಹುಡುಗರು ಸೂಲಿಬೆಲೆಯಿಂದ ಪ್ಲಾಸ್ಟಿಕ್ಕಿನ ಹೊಸ ಪೀಪಿ ತಂದುಕೊಂಡರು. ಅವನು ಕಟ್ಟೆಗೆ ಬಂದರೆ ಮಾತು ಬೆಳೆ ಬೆಲೆಗೆ ತಿರುಗುತ್ತಿತ್ತು, ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ಕೆಲಸ ನೆನಪಾಗುತ್ತಿತ್ತು. ಬೀಗದ ಕೈಯನ್ನು ಮುನಿವೆಂಕಟಪ್ಪನೇ ಪಾಪಯ್ಯನ ಮನೆಗೆ ಹೋಗಿ ಕೊಟ್ಟು ಬಂದ. ಮೂರು ದಿನ ಅದನ್ನು ಮುಟ್ಟದೆ ಇಟ್ಟಿದ್ದು ನಾಲ್ಕನೇ ದಿನ ಪಾಪಯ್ಯ ಏರಿ ಹತ್ತಿದನಂತೆ. ಅದನ್ನು ಗಂಗಣ್ಣ ಹೆಂಡತಿಯಿಂದ ಕೇಳಿದ.

"ಏರಿ ಒಡೆದ ವರ್ಷ ಚೀಲ ಎಲ್ಲಿ ಅಂತ ನೀನು ಒಂದೇ ಸಲ ಕೇಳ್ದೆ" ಎಂದ ಅವಳಿಗೆ.

"ಎರಡನೇ ಸಲ ಕೇಳೋಕೆ ಭಯ ಆಯ್ತು" ಎಂದಳು ಅಮ್ಮಯಮ್ಮ. ಒಂದೇ ಸೂರಿನಡಿ ಆ ಭಯವನ್ನು ಇಬ್ಬರೂ ಬೇರೆಬೇರೆಯಾಗಿ ಸಾಕಿದ್ದರು. ಅವನಿಗೆ ಅಳು ಬಂತು, ಅವಳ ಎದುರಿಗೇ ಅತ್ತ.

ತೊಂಬತ್ತಾರರ ಅಕ್ಟೋಬರಿನಲ್ಲಿ ಕೆರೆ ಮತ್ತೆ ತುಂಬಿತು. ಹೊಸ ಏರಿ ಕಟ್ಟಿದ ಮೇಲೆ ಮೊದಲ ಕೋಡಿ. ಬೆಳಿಗ್ಗೆ ಎಂಟರ ಹೊತ್ತಿಗೆ ಬೀದಿಯ ಕೆಳಗಿನ ತುದಿಯಿಂದ ಪಾಪಯ್ಯನ ದನಿ ಕೇಳಿಸಿತು. "ಕೋಡಿ ಬಿತ್ತು ಕಣ್ರವ್ವಾ." ಗಂಗಣ್ಣ ಜಗುಲಿಯ ಮೇಲೆ ಕೂತಿದ್ದ. ಬಾಗಿಲು ಬಾಗಿಲು ದಾಟಿ ದನಿ ಮೇಲಕ್ಕೆ ಬರುತ್ತಿತ್ತು. ನಮ್ಮ ಬಾಗಿಲು ಬಿಟ್ಟು ಹೋಗುತ್ತಾನೆ, ಬಿಟ್ಟು ಹೋಗಲಿ, ಹೋಗದಿರಲಿ ಎಂದು ಅವನ ಮನಸ್ಸು ಒಂದೇ ಉಸಿರಿನಲ್ಲಿ ಎರಡನ್ನೂ ಬೇಡಿಕೊಂಡಿತು. ಎದ್ದು ಒಳಗೆ ಹೋಗಿ ಮೊರದ ತುಂಬ ರಾಗಿ ತುಂಬಿಕೊಂಡು ಬಂದು ಬಾಗಿಲಲ್ಲಿ ನಿಂತ.

ಪಾಪಯ್ಯ ಬಂದ. ಕಂಬಳಿ ಹೊದ್ದಿದ್ದ, ಹೆಗಲಿನಲ್ಲಿ ಅರೆ ತುಂಬಿದ ಚೀಲ. ಬಾಗಿಲ ಮುಂದೆ ನಿಂತು ಹೊಸಿಲು ನೋಡಿಕೊಂಡು ಹೇಳಿದ.

"ಕೋಡಿ ಬಿತ್ತು."

ಗಂಗಣ್ಣ ಮೊರ ಮುಂದೆ ಮಾಡಿದ. ಪಾಪಯ್ಯ ಚೀಲದ ಬಾಯಿಯನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದ.

"ಸುದ್ದಿ ಹೇಳೋದು ನನ್ ಕೆಲಸ, ಹೇಳಿದೀನಿ. ನಿಮ್ಮನೆ ರಾಗಿ ಬ್ಯಾಡ."

ಅಷ್ಟು ಹೇಳಿ ಮುಂದಿನ ಬಾಗಿಲಿಗೆ ಹೋದ. ಗಂಗಣ್ಣ ಮೊರ ಹಿಡಿದು ಹಾಗೇ ನಿಂತಿದ್ದ. ಪಕ್ಕದಲ್ಲಿ ರುಕ್ಮಿಣಮ್ಮ ಏನೋ ಅಂದಳು, ಪಾಪಯ್ಯ ನಕ್ಕ, ಆಮೇಲೆ ಚೀಲಕ್ಕೆ ರಾಗಿ ಸುರಿದ ಸದ್ದು ಕೇಳಿಸಿತು.